ಬೀಗವಿಲ್ಲದ ಕಪಾಟು: ಕಚೇರಿ ಜಾಲದಲ್ಲಿ ಎಲ್ಲರಿಗೂ ತೆರೆದಿರುವ ಕಡತಗಳು

2003ರ ನವೆಂಬರ್ 14ರಂದು ಅಮೆರಿಕದ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯಲ್ಲಿ ಕೆಲವು ಟಿಪ್ಪಣಿಗಳ ಆಯ್ದ ಭಾಗಗಳು ಪ್ರಕಟವಾದವು. ನ್ಯಾಯಾಧೀಶರ ನೇಮಕದ ವಿಚಾರದಲ್ಲಿ ಅನುಸರಿಸಬೇಕಾದ ತಂತ್ರದ ಬಗ್ಗೆ ಡೆಮಾಕ್ರಟಿಕ್ ಪಕ್ಷದ ಸೆನೆಟರ್‌ಗಳ ಸಿಬ್ಬಂದಿ ತಮ್ಮ ತಮ್ಮಲ್ಲಿಯೇ ಬರೆದುಕೊಂಡಿದ್ದ ಟಿಪ್ಪಣಿಗಳವು. ಹೊರಗಿನವರಾರಿಗೂ ಅವನ್ನು ಕೊಟ್ಟಿರಲಿಲ್ಲ. ಹಾಗಿದ್ದರೆ ಅವು ಪತ್ರಿಕೆಯ ಕೈ ಸೇರಿದ್ದಾದರೂ ಹೇಗೆ? ಸೆನೆಟ್‌ನ ನ್ಯಾಯಾಂಗ ಸಮಿತಿಯ ಗಣಕಗಳಿಗೆ ಯಾರೋ ಕನ್ನ ಹಾಕಿದ್ದಾರೆಂಬ ಅನುಮಾನ ಮೊದಲಿಗೆ ಮೂಡಿತು. ಸೆನೆಟ್‌ನ ಭದ್ರತಾಧಿಕಾರಿ, ಅಂದರೆ ಸಾರ್ಜೆಂಟ್ ಅಟ್ ಆರ್ಮ್ಸ್ ಆಗಿದ್ದ ವಿಲಿಯಂ ಪಿಕಲ್ ಅವರಿಗೆ ತನಿಖೆ ವಹಿಸಲಾಯಿತು.

2004ರ ಮಾರ್ಚ್‌ನಲ್ಲಿ ಬಹಿರಂಗಗೊಂಡ ಅವರ ವರದಿಯಲ್ಲಿ ಕನ್ನದ ಕಥೆ ಇರಲಿಲ್ಲ. ಸಮಿತಿಯ ಎರಡೂ ಪಕ್ಷಗಳ ಸಿಬ್ಬಂದಿ ಒಂದೇ ಸರ್ವರ್ ಬಳಸುತ್ತಿದ್ದರು. ಪ್ರತಿಯೊಬ್ಬರಿಗೂ ಅದರಲ್ಲಿ ಒಂದೊಂದು ಫೋಲ್ಡರ್ ಇತ್ತು. ಅನುಭವವಾಗಲೀ ತಕ್ಕ ತರಬೇತಿಯಾಗಲೀ ಇಲ್ಲದ ನಿರ್ವಾಹಕರೊಬ್ಬರು 2001ರಿಂದ ಈಚೆಗೆ ತೆರೆದ ಖಾತೆಗಳ ಫೋಲ್ಡರ್‌ಗಳಿಗೆ ಸರಿಯಾದ ನಿರ್ಬಂಧವನ್ನೇ ಹಾಕಿರಲಿಲ್ಲ. ರಿಪಬ್ಲಿಕನ್ ಪಕ್ಷದ ಕಡೆಯ ಗುಮಾಸ್ತನೊಬ್ಬ, ನಿರ್ವಾಹಕರು ತನ್ನ ಗಣಕದಲ್ಲಿ ಯಾವುದೋ ಕೆಲಸ ಮಾಡುತ್ತಿದ್ದಾಗ ಪಕ್ಕದಲ್ಲಿ ನಿಂತು ನೋಡಿ, ತಾನೂ ಹಾಗೆಯೇ ಒಂದೆರಡು ಕಡೆ ಕ್ಲಿಕ್ ಮಾಡಿದರೆ ಇತರರ ಫೋಲ್ಡರ್‌ಗಳು ತೆರೆದುಕೊಳ್ಳುತ್ತವೆಂಬುದನ್ನು ಕಂಡುಕೊಂಡ. ಅಷ್ಟೇ. ಪಾಸ್‌ವರ್ಡ್ ಕದಿಯುವ ಅಗತ್ಯವಾಗಲೀ, ಗುಪ್ತ ತಂತ್ರಾಂಶದ ನೆರವಾಗಲೀ ಬೇಕಾಗಲಿಲ್ಲ. 2001ರ ಕೊನೆಯಿಂದ 2003ರ ವಸಂತದವರೆಗೆ ಹೀಗೆ ಇಳಿಸಿಕೊಂಡ 4,670 ಕಡತಗಳನ್ನು ತನಿಖಾಧಿಕಾರಿಗಳು ಪತ್ತೆ ಮಾಡಿದರು. ಅವುಗಳಲ್ಲಿ ಹೆಚ್ಚಿನವು ಎದುರು ಪಕ್ಷದ ಸಿಬ್ಬಂದಿಗೆ ಸೇರಿದವು.

ಸುಮಾರು ಒಂದೂವರೆ ವರ್ಷ ಕಾಲ ಇದು ಯಾರ ಗಮನಕ್ಕೂ ಬರಲಿಲ್ಲವೆಂಬುದೇ ಈ ಪ್ರಕರಣದ ಮುಖ್ಯ ಪಾಠ. ತನ್ನ ಕಡತ ತನಗೇ ತೆರೆಯದಿದ್ದರೆ ನೌಕರ ಹತ್ತು ನಿಮಿಷದಲ್ಲಿ ದೂರು ಕೊಡುತ್ತಾನೆ. ತನಗೆ ಸಂಬಂಧಪಡದ ಕಡತವೂ ತೆರೆಯುತ್ತಿದೆ ಎಂದು ದೂರು ಕೊಡುವವರು ಎಲ್ಲಿದ್ದಾರೆ? ಆದಕಾರಣ ಕಚೇರಿ ಜಾಲಗಳಲ್ಲಿ ಬಿಗಿ ಹೆಚ್ಚಾದಾಗ ತಾನಾಗಿಯೇ ಸರಿಹೋಗುತ್ತದೆ, ಸಡಿಲ ಹೆಚ್ಚಾದಾಗ ಹಾಗೆಯೇ ಉಳಿಯುತ್ತದೆ. ಇಂತಹ ಸಡಿಲಗಳನ್ನು ಯಾರಾದರೂ ಹುಡುಕಿಕೊಂಡೇ ಹೋಗಬೇಕು. ಸಂಸ್ಥೆಗಳು ನಡೆಸುವ ಗಣಕ ಸುರಕ್ಷತಾ ಪರೀಕ್ಷೆಗಳಲ್ಲಿ ಈಗ ಇದೊಂದು ಕಾಯಂ ಕೆಲಸವಾಗಿದೆ.

ಶೇರ್ಡ್ ಫೋಲ್ಡರ್ ಎಂದರೇನು?

ಒಂದು ಗಣಕದಲ್ಲಿರುವ ಫೋಲ್ಡರನ್ನು ಜಾಲದಲ್ಲಿರುವ ಇತರ ಗಣಕಗಳಿಂದಲೂ ತೆರೆಯುವಂತೆ ಮಾಡುವುದೇ ಫೈಲ್ ಶೇರಿಂಗ್. ಬ್ಯಾಂಕು, ಆಸ್ಪತ್ರೆ, ಕಾಲೇಜು, ಲೆಕ್ಕಪರಿಶೋಧಕರ ಕಚೇರಿ, ಎಲ್ಲೆಡೆಯೂ ಇದು ಇದೆ. ನೌಕರರ ಗಣಕದಲ್ಲಿ ‘ಝಡ್ ಡ್ರೈವ್’, ‘ಎಸ್ ಡ್ರೈವ್’ ಎಂದು ಕಾಣಿಸುವುದು ವಾಸ್ತವವಾಗಿ ಬೇರೆಲ್ಲೋ ಇರುವ ಸರ್ವರಿನ ಒಂದು ಫೋಲ್ಡರ್. ವಿಂಡೋಸ್ ಜಾಲಗಳಲ್ಲಿ ಈ ಕೆಲಸ ನಡೆಯುವುದು ಎಸ್‌ಎಂಬಿ ಎಂಬ ಸಂವಹನ ನಿಯಮಾವಳಿಯ ಮೂಲಕ. 1980ರ ದಶಕದ ಆರಂಭದಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ಅದನ್ನು ರೂಪಿಸಿದರು. ಮುಂದೆ ಮೈಕ್ರೋಸಾಫ್ಟ್ ಅದನ್ನು ಬೆಳೆಸಿತು. ಯುನಿಕ್ಸ್ ವರ್ಗದ ಯಂತ್ರಗಳೂ ಇದೇ ಭಾಷೆ ಮಾತನಾಡುವಂತೆ ಮಾಡಿದ್ದು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಬರೆದ ‘ಸಾಂಬಾ’ ತಂತ್ರಾಂಶ. ಎಸ್, ಎಂ, ಬಿ ಅಕ್ಷರಗಳು ಬರುವ ಪದವನ್ನು ಗಣಕದ ನಿಘಂಟಿನಲ್ಲಿ ಹುಡುಕಿದಾಗ ಸಿಕ್ಕ ಹೆಸರದು. ಬ್ರೆಜಿಲ್‌ನ ನೃತ್ಯಕ್ಕೂ ಅದಕ್ಕೂ ಬೇರಾವ ನಂಟೂ ಇಲ್ಲ. ಯುನಿಕ್ಸ್ ಲೋಕಕ್ಕೆ ತನ್ನದೇ ಆದ ಎನ್‌ಎಫ್‌ಎಸ್ ಎಂಬ ಪದ್ಧತಿಯೂ ಇದ್ದು, ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಅದನ್ನು 1984ರಲ್ಲಿ ರೂಪಿಸಿತು.

ಈ ಪದ್ಧತಿಗಳೆಲ್ಲ ಹುಟ್ಟಿದ ಕಾಲದಲ್ಲಿ ಒಂದು ಜಾಲವೆಂದರೆ ಒಂದೇ ಮಹಡಿಯ ಹತ್ತಿಪ್ಪತ್ತು ಯಂತ್ರಗಳು. ಎಲ್ಲರಿಗೂ ಎಲ್ಲರ ಪರಿಚಯವಿತ್ತು. ಹಂಚಿಕೊಳ್ಳುವುದು ಸುಲಭವಾಗಬೇಕೆಂಬುದೇ ಆಗ ಗುರಿಯಾಗಿತ್ತು. ವಿಂಡೋಸ್ 2000ರವರೆಗೂ ಹೊಸದಾಗಿ ಫೋಲ್ಡರೊಂದನ್ನು ಶೇರ್ ಮಾಡಿದೊಡನೆ ‘ಎವ್ರಿವನ್’ ಎಂಬ ಗುಂಪಿಗೆ, ಎಂದರೆ ಎಲ್ಲರಿಗೂ, ಶೇರ್ ಮಟ್ಟದಲ್ಲಿ ಪೂರ್ಣ ನಿಯಂತ್ರಣ ತಾನಾಗಿಯೇ ದೊರೆಯುತ್ತಿತ್ತು. ವಿಂಡೋಸ್ ಸರ್ವರ್ 2003ರ ವೇಳೆಗೆ ಅದನ್ನು ಓದುವ ಅನುಮತಿಗಷ್ಟೇ ಇಳಿಸಲಾಯಿತು. ಆದರೆ ಗುಂಪಿನ ಹೆಸರು ಮಾತ್ರ ಎವ್ರಿವನ್ ಆಗಿಯೇ ಉಳಿಯಿತು.

ಎರಡು ಬಾಗಿಲು, ಒಂದು ಗೊಂದಲ

ವಿಂಡೋಸ್ ಶೇರ್ಡ್ ಫೋಲ್ಡರಿಗೆ ಎರಡು ಬಾಗಿಲುಗಳಿವೆ. ಮೊದಲನೆಯದು ಶೇರ್ ಮಟ್ಟದ ಅನುಮತಿ. ಜಾಲದಿಂದ ಬರುವವರನ್ನು ಅದು ತಡೆದು ನಿಲ್ಲಿಸುತ್ತದೆ. ಎರಡನೆಯದು ಡಿಸ್ಕಿನ ಮೇಲಿನ ಕಡತಕ್ಕೇ ಅಂಟಿಕೊಂಡಿರುವ ಎನ್‌ಟಿಎಫ್‌ಎಸ್ ಅನುಮತಿ. ಜಾಲದ ಮೂಲಕ ಬಂದವನು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ಅಂತಿಮ. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ವ್ಯವಹಾರದಲ್ಲಿ ನಡೆಯುವುದೇ ಬೇರೆ. ಎರಡೂ ಕಡೆ ಹೆಸರು ಬರೆಯುವುದು ತಲೆನೋವೆಂದು ನಿರ್ವಾಹಕರು ಮೊದಲ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟು ಎರಡನೆಯದರ ಮೇಲೆ ಭಾರ ಹಾಕುತ್ತಾರೆ. ಇದು ತಪ್ಪೇನಲ್ಲ, ಅನೇಕ ಸಂಸ್ಥೆಗಳಲ್ಲಿ ರೂಢಿಯಲ್ಲಿರುವ ಕ್ರಮವೇ. ಆದರೆ ಎರಡನೆಯ ಬಾಗಿಲನ್ನು ಹಾಕಲು ಮರೆತರೆ ಮೂರನೆಯದಿಲ್ಲ.

ಮರೆಯಲು ಕಾರಣಗಳೂ ಉಂಟು. ಹೊಸ ಡಿಸ್ಕಿನಲ್ಲಿ ಫೋಲ್ಡರ್ ಸೃಷ್ಟಿಸಿದಾಗ ಅದು ಮೇಲಿನ ಹಂತದ ಅನುಮತಿಯನ್ನೇ ಆನುವಂಶಿಕವಾಗಿ ಪಡೆಯುತ್ತದೆ. ಆ ಮೇಲಿನ ಹಂತದಲ್ಲಿ ‘ಯೂಸರ್ಸ್’ ಎಂಬ ಗುಂಪಿಗೆ ಓದುವ ಅನುಮತಿ ಇದ್ದೇ ಇರುತ್ತದೆ. ಯೂಸರ್ಸ್ ಎಂದರೆ ಆ ಗಣಕವನ್ನು ಬಳಸುವ ನಾಲ್ಕು ಮಂದಿ ಎಂದು ನಿರ್ವಾಹಕ ಭಾವಿಸಿರಬಹುದು. ಆದರೆ ಗಣಕವು ಸಂಸ್ಥೆಯ ಡೊಮೇನ್ ಸೇರಿದ ಗಳಿಗೆಯಲ್ಲೇ ಸಂಸ್ಥೆಯ ಸಮಸ್ತ ಖಾತೆದಾರರೂ ಆ ಗುಂಪಿನೊಳಗೆ ಸೇರಿಬಿಟ್ಟಿರುತ್ತಾರೆ. ಐದು ಸಾವಿರ ನೌಕರರಿದ್ದರೆ ಐದು ಸಾವಿರ ಮಂದಿ. ಅವರಲ್ಲಿ ಮೂರು ತಿಂಗಳಿಗೆಂದು ಬಂದ ಗುತ್ತಿಗೆ ಸಿಬ್ಬಂದಿಯೂ ಉಂಟು, ಕೆಲಸ ಬಿಟ್ಟು ಹೋದರೂ ಖಾತೆ ಮುಚ್ಚದ ಹಳಬರೂ ಉಂಟು.

ಇನ್ನೊಂದು ಸೂಕ್ಷ್ಮವಿದೆ. ಒಂದೇ ಡಿಸ್ಕಿನೊಳಗೆ ಕಡತವನ್ನು ನಕಲು ಮಾಡಿದರೆ ಅದು ಹೊಸ ಜಾಗದ ಅನುಮತಿಯನ್ನು ಪಡೆಯುತ್ತದೆ. ಸ್ಥಳಾಂತರಿಸಿದರೆ ಸಾಮಾನ್ಯವಾಗಿ ಹಳೆಯ ಅನುಮತಿಯನ್ನೇ ಹೊತ್ತು ಬರುತ್ತದೆ. ಹೀಗಾಗಿ ಎಲ್ಲರಿಗೂ ತೆರೆದಿದ್ದ ಫೋಲ್ಡರಿನಿಂದ ‘ಗೋಪ್ಯ’ ಎಂದು ಹೆಸರಿಟ್ಟ ಫೋಲ್ಡರಿಗೆ ಎಳೆದು ಹಾಕಿದ ಕಡತವು ಗೋಪ್ಯವಾಗಿಯೇ ಉಳಿಯುತ್ತದೆಂಬ ಖಾತರಿ ಇಲ್ಲ.

ಯುನಿಕ್ಸ್ ಕಡೆಯ ಎನ್‌ಎಫ್‌ಎಸ್ ಪದ್ಧತಿಯಲ್ಲಿ ತಪ್ಪು ಇನ್ನೂ ಸುಲಭ. ಯಾವ ಫೋಲ್ಡರನ್ನು ಯಾವ ಯಂತ್ರಕ್ಕೆ, ಯಾವ ಅನುಮತಿಯೊಡನೆ ಕೊಡಬೇಕೆಂಬುದನ್ನು ಅಲ್ಲಿ ಒಂದು ಪಟ್ಟಿಯಲ್ಲಿ ಬರೆಯುತ್ತಾರೆ. ಯಂತ್ರದ ಹೆಸರಿಗೆ ತಾಗಿಕೊಂಡಂತೆಯೇ ಆವರಣ ಚಿಹ್ನೆಯೊಳಗೆ ಅನುಮತಿಯನ್ನು ಬರೆಯಬೇಕು. ಹೆಸರಿಗೂ ಆವರಣಕ್ಕೂ ನಡುವೆ ಒಂದೇ ಒಂದು ಖಾಲಿ ಜಾಗ ಬಿದ್ದರೂ ಅರ್ಥ ತಲೆಕೆಳಗಾಗುತ್ತದೆ. ಹೆಸರಿಸಿದ ಯಂತ್ರಕ್ಕೆ ಓದುವ ಅನುಮತಿಯಷ್ಟೇ ಉಳಿದು, ತಿದ್ದುವ ಅನುಮತಿ ಲೋಕಕ್ಕೆಲ್ಲ ದೊರೆಯುತ್ತದೆ. ಕೈಪಿಡಿಗಳಲ್ಲಿಯೇ ಈ ಎಚ್ಚರಿಕೆ ಅಚ್ಚಾಗಿದೆ. ಆದರೂ ಸ್ಪೇಸ್ ಬಾರ್ ತಗುಲುವುದು ತಪ್ಪಿಲ್ಲ. ಮೇಲಾಗಿ ಆ ಪದ್ಧತಿಯ ಹಳೆಯ ರೂಪದಲ್ಲಿ ಸರ್ವರು ಬಳಕೆದಾರನ ಗುರುತಿನ ಸಂಖ್ಯೆಯನ್ನು ಎದುರಿನ ಗಣಕ ಹೇಳಿದಂತೆಯೇ ನಂಬುತ್ತದೆ. ಎದುರಿನ ಗಣಕ ಸುಳ್ಳು ಹೇಳಿದರೆ?

ಹುಳುಗಳು ಮೊದಲೇ ಕಂಡುಕೊಂಡಿದ್ದವು

ತೆರೆದ ಫೋಲ್ಡರ್‌ಗಳ ಬೆಲೆಯನ್ನು ಪರೀಕ್ಷಕರಿಗಿಂತ ಮೊದಲು ಅರಿತವರು ಹಾನಿಕಾರಕ ತಂತ್ರಾಂಶ ಬರೆಯುವವರು. 2001ರ ಸೆಪ್ಟೆಂಬರ್ 18ರಂದು ಕಾಣಿಸಿಕೊಂಡ ‘ನಿಮ್ಡಾ’ ಹುಳು ಹರಡಲು ಆರಿಸಿಕೊಂಡ ಹಲವು ದಾರಿಗಳಲ್ಲಿ ತೆರೆದ ಶೇರ್ಡ್ ಫೋಲ್ಡರ್‌ಗಳೂ ಒಂದು. ತಾನು ಹೊಕ್ಕ ಗಣಕದ ಡಿಸ್ಕನ್ನು ಅದು ತಾನೇ ಶೇರ್ ಮಾಡಿ, ಅತಿಥಿ ಖಾತೆಗೆ ನಿರ್ವಾಹಕನ ಅಧಿಕಾರವನ್ನೂ ಕೊಟ್ಟು ಹೋಗುತ್ತಿತ್ತು. 2008ರ ‘ಕಾನ್‌ಫಿಕರ್’ ಸಹ ದುರ್ಬಲ ಪಾಸ್‌ವರ್ಡ್ ಊಹಿಸಿ ಶೇರ್‌ಗಳನ್ನು ಹೊಕ್ಕಿತು. 

2017ರ ಮೇ 12ರಂದು ಜಗತ್ತನ್ನು ನಡುಗಿಸಿದ ‘ವನ್ನಾಕ್ರೈ’ ಕೂಡ ಇದೇ ಎಸ್‌ಎಂಬಿ ಮಾರ್ಗದಲ್ಲೇ ಓಡಾಡಿತು. ಆದರೆ ಅದು ಬೇರೆ ಜಾತಿಯದು. ಅಲ್ಲಿ ದೋಷವಿದ್ದದ್ದು ತಂತ್ರಾಂಶದಲ್ಲಿ. ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಅದಕ್ಕೆ ತೇಪೆ ಬಿಡುಗಡೆ ಮಾಡಿತ್ತು. ತಪ್ಪಾಗಿ ಕೊಟ್ಟ ಅನುಮತಿಗೆ ಅಂತಹ ತೇಪೆ ಯಾವ ಕಂಪನಿಯಿಂದಲೂ ಬರುವುದಿಲ್ಲ. ಗಣಕವು ತನಗೆ ಹೇಳಿದ್ದನ್ನೇ ಮಾಡುತ್ತಿದೆ. ಹೇಳಿದವರದೇ ತಪ್ಪು.

ಸುಲಿಗೆ ತಂತ್ರಾಂಶಗಳ ಕಾಲದಲ್ಲಿ ಇದರ ಅಪಾಯ ಇನ್ನೂ ಹೆಚ್ಚಿದೆ. ಅಂತಹ ತಂತ್ರಾಂಶವೊಂದು ಸ್ವಾಗತಕಾರರ ಗಣಕದಲ್ಲಿ ಹೊಕ್ಕಿತೆನ್ನಿ. ಆ ಖಾತೆಗೆ ಯಾವ ಯಾವ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇದೆಯೋ ಅವೆಲ್ಲವೂ ಅದರ ಆಹಾರ. ಲೆಕ್ಕಪತ್ರ ವಿಭಾಗದ ಹತ್ತು ವರ್ಷದ ದಾಖಲೆಗಳು ಸ್ವಾಗತಕಾರರ ಖಾತೆಯಿಂದ ಬೀಗ ಜಡಿಸಿಕೊಳ್ಳುವುದು ಹೀಗೆ.

ಪರೀಕ್ಷೆ ನಡೆಯುವ ಬಗೆ

ಸುರಕ್ಷತಾ ಪರೀಕ್ಷೆ ಆರಂಭವಾಗುವುದು ಗಣಕದ ಮುಂದೆ ಅಲ್ಲ, ಕಾಗದದ ಮೇಲೆ. ಯಾವ ಜಾಲ, ಯಾವ ದಿನ, ಯಾವ ವೇಳೆ, ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು ಎಂಬುದೆಲ್ಲ ಲಿಖಿತ ಒಪ್ಪಂದದಲ್ಲಿರಬೇಕು. ಅದಾದ ಮೇಲೆ ಸಂಸ್ಥೆಯು ಪರೀಕ್ಷಕರಿಗೆ ಒಂದು ಸಾಧಾರಣ ನೌಕರನ ಖಾತೆಯನ್ನು ಕೊಡುತ್ತದೆ. ಕಳ್ಳನಿಗೆ ನಾವೇ ಬೀಗದ ಕೈ ಕೊಟ್ಟಂತಲ್ಲವೇ ಎಂದು ಕೆಲವು ಮುಖ್ಯಸ್ಥರು ಆಕ್ಷೇಪಿಸುವುದುಂಟು. ಆದರೆ ಒಬ್ಬ ನೌಕರನ ಪಾಸ್‌ವರ್ಡ್ ಒಂದಲ್ಲ ಒಂದು ದಿನ ಸೋರುವುದೆಂದು ಭಾವಿಸಿಕೊಂಡು, ಅಲ್ಲಿಂದ ಮುಂದೆ ಏನಾಗುತ್ತದೆಂದು ನೋಡುವುದೇ ಈ ಬಗೆಯ ಪರೀಕ್ಷೆಯ ಉದ್ದೇಶ.

ಮೊದಲ ಹೆಜ್ಜೆ ಸರಳ. ಜಾಲದಲ್ಲಿರುವ ಯಾವ ಯಾವ ಗಣಕಗಳು 445ನೇ ಪೋರ್ಟ್‌ನಲ್ಲಿ ಓಗೊಡುತ್ತವೆಂದು ನೋಡಲಾಗುತ್ತದೆ. ಎಸ್‌ಎಂಬಿ ಕೆಲಸ ಮಾಡುವುದು ಅಲ್ಲಿ. ಎನ್‌ಎಫ್‌ಎಸ್ ಆದರೆ 2049. ಇದಕ್ಕೆ 1997ರಿಂದಲೂ ಬಳಕೆಯಲ್ಲಿರುವ ‘ಎನ್‌ಮ್ಯಾಪ್’ನಂತಹ ಉಚಿತ ತಂತ್ರಾಂಶ ಸಾಕು. ಓಗೊಟ್ಟ ಪ್ರತಿಯೊಂದು ಗಣಕವನ್ನೂ, ‘ನಿನ್ನಲ್ಲಿ ಯಾವ ಶೇರ್‌ಗಳಿವೆ?’ ಎಂದು ಕೇಳಲಾಗುತ್ತದೆ. ಪಟ್ಟಿ ಬರುತ್ತದೆ. ಹೆಸರಿನ ಕೊನೆಯಲ್ಲಿ ಡಾಲರ್ ಚಿಹ್ನೆ ಇಟ್ಟರೆ ಶೇರ್ ಅಡಗಿಕೊಳ್ಳುತ್ತದೆಂಬ ನಂಬಿಕೆ ಅನೇಕ ನಿರ್ವಾಹಕರಲ್ಲಿದೆ. ವಾಸ್ತವದಲ್ಲಿ ಸರ್ವರು ಆ ಹೆಸರನ್ನೂ ಹೇಳಿಯೇ ಹೇಳುತ್ತದೆ, ನೌಕರನ ಪರದೆಯಲ್ಲಿ ಅದನ್ನು ತೋರಿಸದಿರುವುದು ಆ ಕಡೆಯ ವಿಂಡೋಸ್. ಪರೀಕ್ಷಕರ ತಂತ್ರಾಂಶಕ್ಕೆ ಅಂತಹ ದಾಕ್ಷಿಣ್ಯವಿಲ್ಲ.

ಬಳಿಕ ಪ್ರತಿಯೊಂದನ್ನೂ ತೆರೆಯಲು ಯತ್ನಿಸಿ ಓದಲಾಗುತ್ತದೆಯೇ, ಬರೆಯಲಾಗುತ್ತದೆಯೇ ಎಂದು ಗುರುತು ಹಾಕಿಕೊಳ್ಳುತ್ತಾರೆ. ಯಾವ ಖಾತೆಯೂ ಇಲ್ಲದೆ, ಅನಾಮಿಕನಾಗಿಯೇ ಹೋದರೆ ಏನು ಸಿಗುತ್ತದೆಂಬುದನ್ನೂ ಪ್ರತ್ಯೇಕವಾಗಿ ನೋಡಬೇಕು. ದೊಡ್ಡ ಸಂಸ್ಥೆಯಾದರೆ ಸಾವಿರಾರು ಶೇರ್‌ಗಳು, ಲಕ್ಷಾಂತರ ಕಡತಗಳು ಎದುರಾಗುತ್ತವೆ. ಇಲ್ಲಿಂದಾಚೆಗೆ ಕೆಲಸ ಕಠಿಣ. ಎಲ್ಲರಿಗೂ ತೆರೆದಿರುವುದೆಲ್ಲ ತಪ್ಪಲ್ಲ. ರಜೆ ಅರ್ಜಿ ನಮೂನೆಗಳ ಫೋಲ್ಡರ್ ಎಲ್ಲರಿಗೂ ತೆರೆದೇ ಇರಬೇಕು. ಡೊಮೇನ್ ನಿಯಮಗಳನ್ನು ಇಟ್ಟಿರುವ ‘ಸಿಸ್‌ವಾಲ್’ ಎಂಬ ಶೇರ್ ತೆರೆದಿರದಿದ್ದರೆ ಜಾಲವೇ ನಡೆಯದು. ತೆರೆದಿರಬೇಕಾದದ್ದನ್ನೂ ತೆರೆದಿರಬಾರದ್ದನ್ನೂ ಬೇರ್ಪಡಿಸುವುದರಲ್ಲಿಯೇ ಪರೀಕ್ಷಕರ ಪರಿಣತಿ ಅಡಗಿದೆ.

ನೆರವಿಗೆ ‘ಸ್ನ್ಯಾಫ್ಲರ್’ನಂತಹ ತಂತ್ರಾಂಶಗಳಿವೆ. ಕಡತಗಳ ಹೆಸರು, ವಿಸ್ತರಣೆ ಮತ್ತು ಒಳಗಿನ ಪದಗಳನ್ನು ಜಾಲಾಡಿ, ಮುಖ್ಯವೆನಿಸಿದವನ್ನು ಹಸಿರು, ಹಳದಿ, ಕೆಂಪು, ಕಪ್ಪು ಎಂದು ವಿಂಗಡಿಸಿ ಕೊಡುತ್ತದೆ ಅದು. ಕಪ್ಪು ಬಂದರೆ ಪರೀಕ್ಷಕರು ಊಟ ಬಿಟ್ಟು ಕೂರುತ್ತಾರೆ! ‘ಪವರ್‌ಹಂಟ್‌ಶೇರ್ಸ್’ ಎಂಬುದು ಅನುಮತಿಗಳ ಚಿತ್ರವನ್ನು ನಿರ್ವಾಹಕರಿಗೆ ಅರ್ಥವಾಗುವಂತೆ ವರದಿ ಮಾಡುತ್ತದೆ. ಇವೆಲ್ಲ ಯಾರು ಬೇಕಾದರೂ ಪಡೆಯಬಹುದಾದ ಉಚಿತ ತಂತ್ರಾಂಶಗಳೆಂಬುದು ಗಮನಾರ್ಹ. ಪರೀಕ್ಷಕರಿಗೆ ಸಿಗುವುದು ಕಳ್ಳರಿಗೂ ಸಿಗುತ್ತದೆ.

ಇಲ್ಲಿ ಪಾಲಿಸಬೇಕಾದ ಸಂಯಮವೂ ಇದೆ. ವೇತನ ಪಟ್ಟಿ ಕಂಡಿತೆಂದು ತೋರಿಸಲು ಅದನ್ನು ಪೂರ್ತಿ ಓದಬೇಕಿಲ್ಲ, ಫೋಲ್ಡರಿನ ಚಿತ್ರ ಸಾಕು. ರೋಗಿಗಳ ವರದಿ, ಆಧಾರ್ ಪ್ರತಿಗಳು ಕಂಡರೆ ಒಂದನ್ನೂ ತನ್ನ ಗಣಕಕ್ಕೆ ಇಳಿಸಿಕೊಳ್ಳದೆ ಜಾಗವನ್ನು ಮಾತ್ರ ಬರೆದುಕೊಳ್ಳುವುದು ಸರಿಯಾದ ಕ್ರಮ. ಬರೆಯುವ ಅನುಮತಿ ಇದೆಯೆಂದು ಸಾಬೀತುಪಡಿಸಲು ಖಾಲಿ ಕಡತವೊಂದನ್ನಿಟ್ಟು ಅಳಿಸುವುದಕ್ಕೂ ಮೊದಲೇ ಒಪ್ಪಿಗೆ ಇರಬೇಕು. ತೀರಾ ಗಂಭೀರವಾದದ್ದು ಸಿಕ್ಕರೆ ಅಂತಿಮ ವರದಿಯವರೆಗೆ ಕಾಯದೆ ಆ ಕ್ಷಣವೇ ದೂರವಾಣಿ ಮಾಡಬೇಕು.

ಏನೇನು ಸಿಗುತ್ತದೆ?

ಸಾಮಾನ್ಯ ಓದುಗರು ಊಹಿಸುವುದು ರಹಸ್ಯ ದಾಖಲೆಗಳನ್ನು. ಅವು ಸಿಗುತ್ತವೆ, ನಿಜ. ಕಚೇರಿಯ ದೊಡ್ಡ ಜೆರಾಕ್ಸ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ್ದೆಲ್ಲ ಹೋಗಿ ಬೀಳುವ ಫೋಲ್ಡರ್ ಇದಕ್ಕೆ ಹೆಸರಾದದ್ದು. ಎಲ್ಲರೂ ಅಲ್ಲಿಂದ ತಮ್ಮ ಪ್ರತಿಯನ್ನು ತೆಗೆದುಕೊಳ್ಳಬೇಕಾದ್ದರಿಂದ ಅದು ಎಲ್ಲರಿಗೂ ತೆರೆದಿರುತ್ತದೆ. ತೆಗೆದುಕೊಂಡ ಮೇಲೆ ಅಳಿಸುವವರು ವಿರಳ. ಪ್ಯಾನ್ ಕಾರ್ಡ್, ಪಾಸ್‌ಪೋರ್ಟ್, ಸಹಿ ಮಾಡಿದ ಚೆಕ್ಕು, ವೈದ್ಯಕೀಯ ಬಿಲ್ಲು, ವರ್ಷಗಟ್ಟಲೆಯದು ಅಲ್ಲಿ ರಾಶಿ ಬೀಳುತ್ತದೆ.

ಆದರೆ ಪರೀಕ್ಷಕರು ಮುಖ್ಯವಾಗಿ ಹುಡುಕುವುದು ಪಾಸ್‌ವರ್ಡ್‌ಗಳನ್ನು. ಒಂದು ಫೋಲ್ಡರಿನಲ್ಲಿ ಸಿಕ್ಕ ಪಾಸ್‌ವರ್ಡ್ ಇನ್ನೊಂದು ಸರ್ವರಿನ ಬಾಗಿಲು ತೆರೆಯುತ್ತದೆ. ಅಲ್ಲಿ ಸಿಕ್ಕದ್ದು ಮತ್ತೊಂದರದು. ಕೆಲಸ ಸುಲಭವಾಗಲೆಂದು ನಿರ್ವಾಹಕರು ಬರೆದಿಟ್ಟ ಸ್ಕ್ರಿಪ್ಟ್‌ಗಳಲ್ಲಿ, ವಿಂಡೋಸ್ ಅನುಸ್ಥಾಪನೆಯ ಉತ್ತರ ಕಡತಗಳಲ್ಲಿ, ‘ಪಾಸ್‌ವರ್ಡ್ಸ್’ ಎಂದೇ ನಾಮಕರಣ ಮಾಡಿದ ಎಕ್ಸೆಲ್ ಹಾಳೆಗಳಲ್ಲಿ ಅವು ಇರುತ್ತವೆ. ಸರ್ವರುಗಳ ಬ್ಯಾಕಪ್ ಪ್ರತಿಗಳು ಇನ್ನೂ ಅಪಾಯಕಾರಿ. ಡೊಮೇನ್ ನಿಯಂತ್ರಿಸುವ ಸರ್ವರಿನ ಬ್ಯಾಕಪ್ ತೆರೆದ ಫೋಲ್ಡರಿನಲ್ಲಿದ್ದರೆ ಸಂಸ್ಥೆಯ ಪ್ರತಿಯೊಂದು ಖಾತೆಯ ಪಾಸ್‌ವರ್ಡ್ ಮಾಹಿತಿಯೂ ಗೂಢರೂಪದಲ್ಲಿ ಅದರೊಳಗಿರುತ್ತದೆ.

ಈ ಸಾಲಿನಲ್ಲಿ ಮೈಕ್ರೋಸಾಫ್ಟ್‌ನದೇ ಒಂದು ಪ್ರಸಂಗವಿದೆ. ವಿಂಡೋಸ್ ಸರ್ವರ್ 2008ರ ಕಾಲಕ್ಕೆ, ಎಲ್ಲ ಗಣಕಗಳಲ್ಲೂ ನಿರ್ವಾಹಕ ಖಾತೆಯ ಪಾಸ್‌ವರ್ಡನ್ನು ಒಂದೇ ಕಡೆಯಿಂದ ನಿಗದಿಪಡಿಸುವ ಸೌಲಭ್ಯ ಬಂತು. ಅದಕ್ಕಾಗಿ ಆ ಪಾಸ್‌ವರ್ಡ್ ಗೂಢಲಿಪಿಯ ರೂಪದಲ್ಲಿ ಸಿಸ್‌ವಾಲ್ ಶೇರಿನ ಕಡತವೊಂದರಲ್ಲಿ ಕೂರುತ್ತಿತ್ತು. ಸಿಸ್‌ವಾಲ್ ಎಲ್ಲ ನೌಕರರಿಗೂ ತೆರೆದದ್ದು. ಗೂಢಲಿಪಿ ಬಲವಾದದ್ದೇ. ಆದರೆ ಅದನ್ನು ಬಿಡಿಸುವ ಕೀಲಿ ಜಗತ್ತಿನಾದ್ಯಂತ ಒಂದೇ ಆಗಿತ್ತು, ಮತ್ತು ಆ ಕೀಲಿಯನ್ನು ಮೈಕ್ರೋಸಾಫ್ಟ್ ತನ್ನ ತಾಂತ್ರಿಕ ದಸ್ತಾವೇಜಿನಲ್ಲಿ ತಾನೇ ಪ್ರಕಟಿಸಿತ್ತು. 2014ರ ಮೇ ತಿಂಗಳಲ್ಲಿ ಬಂದ ತೇಪೆ ಹೊಸದಾಗಿ ಅಂತಹ ಪಾಸ್‌ವರ್ಡ್ ಇಡುವುದನ್ನು ನಿಲ್ಲಿಸಿತು. ಹಳೆಯವನ್ನು ಅಳಿಸಲಿಲ್ಲ. ಅದು ನಿರ್ವಾಹಕರ ಪಾಲಿಗೆ ಬಿಟ್ಟ ಕೆಲಸ. ಆದ್ದರಿಂದಲೇ ಪರೀಕ್ಷಕರು ಇಂದಿಗೂ ಸಿಸ್‌ವಾಲ್‌ನಲ್ಲಿ ಆ ಕಡತವನ್ನು ಮೊದಲು ಹುಡುಕುತ್ತಾರೆ.

2022ರ ಸೆಪ್ಟೆಂಬರ್‌ನ ಊಬರ್ ಪ್ರಕರಣ ಇನ್ನೂ ಪ್ರಸಿದ್ಧ. ಹೊರಗುತ್ತಿಗೆಯ ಸಿಬ್ಬಂದಿಯೊಬ್ಬರ ಪಾಸ್‌ವರ್ಡ್ ದಾಳಿಕೋರನ ಕೈ ಸೇರಿತು. ಲಾಗಿನ್ ಒಪ್ಪಿಗೆ ಕೇಳುವ ಸೂಚನೆಗಳು ಅವರ ಫೋನಿಗೆ ಮೇಲಿಂದ ಮೇಲೆ ಬಂದವು. ಕೊನೆಗೆ ಅವರು ಒಂದಕ್ಕೆ ಒಪ್ಪಿಗೆ ಒತ್ತಿದರು. ಇಷ್ಟನ್ನು ಕಂಪನಿಯೇ ತಿಳಿಸಿತು. ಒಳಹೊಕ್ಕ ನಂತರ ಜಾಲದ ಶೇರ್ ಒಂದರಲ್ಲಿ ಪವರ್‌ಶೆಲ್ ಸ್ಕ್ರಿಪ್ಟ್‌ಗಳು ಕಂಡವು, ಅವುಗಳಲ್ಲೊಂದರಲ್ಲಿ ಸಂಸ್ಥೆಯ ಪಾಸ್‌ವರ್ಡ್ ಭಂಡಾರದ ನಿರ್ವಾಹಕ ಖಾತೆಯ ವಿವರವಿತ್ತು, ಅದರಿಂದ ಉಳಿದೆಲ್ಲ ಬಾಗಿಲುಗಳೂ ತೆರೆದವು ಎಂಬುದು ದಾಳಿಕೋರನ ಹೇಳಿಕೆ. ಅವನ ಮಾತನ್ನು ಅಕ್ಷರಶಃ ನಂಬಬೇಕಿಲ್ಲವಾದರೂ, ಸುರಕ್ಷತಾ ಪರೀಕ್ಷೆ ನಡೆಸುವವರಿಗೆ ಅದರಲ್ಲಿ ಅಪರಿಚಿತವಾದದ್ದು ಏನೂ ಇರಲಿಲ್ಲ. ಪಾಸ್‌ವರ್ಡ್‌ಗಳನ್ನು ಭದ್ರವಾಗಿಡಲೆಂದೇ ದುಬಾರಿ ಭಂಡಾರ ಕೊಳ್ಳುವುದು, ಆ ಭಂಡಾರದ ಬೀಗದ ಕೈಯನ್ನು ತೆರೆದ ಫೋಲ್ಡರಿನಲ್ಲಿ ಇಡುವುದು, ಇವೆರಡೂ ಒಂದೇ ಕಟ್ಟಡದಲ್ಲಿ ನಡೆಯುತ್ತವೆ.

‘ಬಾಗಿಲು ತೆರೆದೇ ಇತ್ತಲ್ಲ’

ಸೆನೆಟ್ ಪ್ರಕರಣದಲ್ಲಿ ಟಿಪ್ಪಣಿಗಳ ಸೋರಿಕೆಯ ಸಂಬಂಧ ಹೆಸರು ಕೇಳಿಬಂದ ರಿಪಬ್ಲಿಕನ್ ಸಹಾಯಕ ಮ್ಯಾನ್ಯುಯೆಲ್ ಮಿರಾಂಡಾ 2004ರ ಫೆಬ್ರವರಿಯಲ್ಲಿ ರಾಜೀನಾಮೆ ನೀಡಬೇಕಾಯಿತು. ಆ ಕಡತಗಳಿಗೆ ಯಾವ ರಕ್ಷಣೆಯೂ ಇರಲಿಲ್ಲ, ಹಾಗಾಗಿ ಕನ್ನ ಹಾಕಿದಂತಾಗಲಿಲ್ಲ ಎಂಬುದು ಅವರ ವಾದವಾಗಿತ್ತು. ತೆರೆದ ಬಾಗಿಲಿನಿಂದ ಒಳಹೋದವನು ಕಳ್ಳನೇ, ಅತಿಥಿಯೇ ಎಂಬ ಪ್ರಶ್ನೆ ಆಗ ಅಮೆರಿಕದ ಪತ್ರಿಕೆಗಳಲ್ಲಿ ಬಹಳ ಚರ್ಚೆಗೆ ಒಳಗಾಯಿತು.

ಭಾರತದ ಕಾನೂನು ಈ ವಿಷಯದಲ್ಲಿ ಹೆಚ್ಚು ನೇರವಾಗಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಕೇಳುವುದು ಬೀಗ ಮುರಿದೆಯಾ ಎಂದಲ್ಲ. ಗಣಕದ ಅಥವಾ ಜಾಲದ ಮಾಲೀಕರ ಇಲ್ಲವೇ ಉಸ್ತುವಾರಿ ಹೊತ್ತವರ ಅನುಮತಿ ಇತ್ತೇ ಎಂದಷ್ಟೇ. ಅನುಮತಿ ಇಲ್ಲದೆ ಪ್ರವೇಶಿಸಿದರೆ, ಮಾಹಿತಿಯನ್ನು ಇಳಿಸಿಕೊಂಡರೆ ಅಥವಾ ನಕಲು ಮಾಡಿದರೆ ಪರಿಹಾರ ತೆರಬೇಕಾಗುತ್ತದೆ. ಅದೇ ಕೃತ್ಯವನ್ನು ಅಪ್ರಾಮಾಣಿಕತೆಯಿಂದ ಅಥವಾ ವಂಚನೆಯಿಂದ ಎಸಗಿದ್ದರೆ 66ನೇ ಕಲಮಿನಡಿ 3 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕುತೂಹಲಕ್ಕೆಂದು ಕಾಲೇಜಿನ ಅಥವಾ ಕಂಪನಿಯ ಜಾಲವನ್ನು ಜಾಲಾಡುವ ವಿದ್ಯಾರ್ಥಿಗಳು, ಹೊಸ ನೌಕರರು ಇದನ್ನು ಗಮನಿಸುವುದು ಒಳಿತು. ಉದ್ದೇಶ ಒಳ್ಳೆಯದಿದ್ದರೂ ‘ನಾನು ತಪ್ಪು ಕಂಡುಹಿಡಿದು ಹೇಳಿದೆ’ ಎಂಬುದು ಅನುಮತಿ ಪತ್ರಕ್ಕೆ ಬದಲಿಯಾಗಲಾರದು. ಬೆಂಗಳೂರಿನಲ್ಲಿರಲಿ, ಮಂಗಳೂರಿನಲ್ಲಿರಲಿ, ವೃತ್ತಿಪರ ಪರೀಕ್ಷಕರು ಸಹಿ ಬೀಳುವ ತನಕ ಒಂದು ಕೇಬಲ್ಲನ್ನೂ ಚುಚ್ಚದಿರುವುದು ಈ ಕಾರಣಕ್ಕೆ.

ಹಾಗೆಂದು ಬಾಗಿಲು ತೆರೆದಿಟ್ಟವರಿಗೂ ವಿನಾಯಿತಿ ಇಲ್ಲ. ಗಣಕ ವ್ಯವಸ್ಥೆಗೆ ಅನಧಿಕೃತ ಪ್ರವೇಶ, ಮಾಹಿತಿ ಸೋರಿಕೆಯಂತಹ ಘಟನೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಜನರ ಮಾಹಿತಿಗೆ ತಕ್ಕ ರಕ್ಷಣೆ ಒದಗಿಸದ ಸಂಸ್ಥೆಗಳಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಸ್ಕ್ಯಾನರ್ ಫೋಲ್ಡರಿನಲ್ಲಿ ಬಿದ್ದಿರುವ ಗ್ರಾಹಕರ ಗುರುತಿನ ಚೀಟಿಗಳೂ ವೈಯಕ್ತಿಕ ದತ್ತಾಂಶವೇ.

ಮುಚ್ಚುವುದೂ ಸುಲಭವಲ್ಲ

ವರದಿ ಕೈಗೆ ಬಂದ ಮೇಲೆ ಎಲ್ಲವನ್ನೂ ಒಂದೇ ಸಂಜೆ ಮುಚ್ಚಿಬಿಡುವ ಉತ್ಸಾಹ ಕೆಲವು ಕಚೇರಿಗಳಲ್ಲಿ ಕಾಣುತ್ತದೆ. ಮರುದಿನ ಬೆಳಗ್ಗೆ ಬಿಲ್ಲಿಂಗ್ ತಂತ್ರಾಂಶ ನಿಂತುಹೋಗುತ್ತದೆ. ಎಂಟು ವರ್ಷದ ಹಿಂದೆ ಯಾರೋ ಬರೆದ ಕಾರ್ಯಕ್ರಮವೊಂದು ಪ್ರತಿ ರಾತ್ರಿ ಆ ತೆರೆದ ಫೋಲ್ಡರಿನಿಂದಲೇ ಕಡತ ಎತ್ತಿಕೊಳ್ಳುತ್ತಿದ್ದುದು ಆಗ ತಿಳಿಯುತ್ತದೆ. ಮಧ್ಯಾಹ್ನದೊಳಗೆ ಅನುಮತಿಗಳೆಲ್ಲ ಹಿಂದಿನಂತೆಯೇ ಎವ್ರಿವನ್!

ಆದ್ದರಿಂದ ಅನುಭವಿ ನಿರ್ವಾಹಕರು ಮೊದಲು ಪಾಸ್‌ವರ್ಡ್‌ಗಳನ್ನು ನೋಡಿಕೊಳ್ಳುತ್ತಾರೆ. ಶೇರಿನಲ್ಲಿ ಕಂಡ ಪ್ರತಿಯೊಂದು ಪಾಸ್‌ವರ್ಡನ್ನೂ ಬದಲಾಯಿಸಬೇಕು. ಕಡತವನ್ನು ಅಳಿಸಿದರೆ ಸಾಲದು, ಪರೀಕ್ಷಕರಿಗಿಂತ ಮೊದಲು ಅದನ್ನು ಯಾರು ಓದಿದ್ದರೆಂದು ಹೇಳುವ ದಾಖಲೆ ಹೆಚ್ಚಿನ ಕಚೇರಿಗಳಲ್ಲಿ ಇರುವುದಿಲ್ಲ. ನಂತರ ಬರೆಯುವ ಅನುಮತಿಯನ್ನು ಕಿತ್ತು, ಓದುವುದನ್ನು ಕೊಂಚ ಕಾಲ ಹಾಗೆಯೇ ಬಿಟ್ಟು, ಯಾವ ಖಾತೆಗಳು ಬಂದು ಹೋಗುತ್ತಿವೆ ಎಂಬುದನ್ನು ಸರ್ವರಿನಲ್ಲಿ ದಾಖಲಿಸಲು ಆರಂಭಿಸುತ್ತಾರೆ. ಬರುವವರು ಯಾರೆಂದು ತಿಳಿದ ಬಳಿಕ ಅವರಿಗೆ ಮಾತ್ರ ಒಂದು ಹೆಸರುಳ್ಳ ಗುಂಪು ಮಾಡಿ, ಎವ್ರಿವನ್, ಯೂಸರ್ಸ್‌ನಂತಹ ಗುಂಪುಗಳನ್ನು ತೆಗೆಯುತ್ತಾರೆ. ಹಳೆಯ ಎಸ್‌ಎಂಬಿಯ ಮೊದಲ ಆವೃತ್ತಿ ಇನ್ನೂ ಚಾಲೂ ಇದ್ದರೆ ಅದನ್ನು ನಿಲ್ಲಿಸಲು ಇದು ಸಕಾಲ.

ಸಣ್ಣ ಕಚೇರಿಗಳಿಗೆ ಇಷ್ಟೆಲ್ಲ ಬೇಕಿಲ್ಲ. ವಿಂಡೋಸ್‌ನ ‘ಕಂಪ್ಯೂಟರ್ ಮ್ಯಾನೇಜ್‌ಮೆಂಟ್’ ಒಳಗಿನ ‘ಶೇರ್ಡ್ ಫೋಲ್ಡರ್ಸ್’ ಎಂಬಲ್ಲಿ ಆ ಗಣಕದಿಂದ ಏನೇನು ಹಂಚಿಕೆಯಾಗಿದೆ ಎಂಬ ಪಟ್ಟಿ ಕಾಣುತ್ತದೆ. ಡಾಲರ್ ಚಿಹ್ನೆಯುಳ್ಳ ಒಂದೆರಡು ಹೆಸರುಗಳು ವಿಂಡೋಸ್ ತಾನೇ ಇಟ್ಟುಕೊಂಡವು, ಅವು ನಿರ್ವಾಹಕರಿಗೆ ಮಾತ್ರ ತೆರೆಯುತ್ತವೆ. ಉಳಿದವುಗಳಲ್ಲಿ ಯಾವುದನ್ನು ಯಾರಿಗಾಗಿ, ಯಾವಾಗ ತೆರೆದದ್ದೆಂದು ನೆನಪಿಗೆ ಬಾರದಿದ್ದರೆ ಅದೇ ಪರಿಶೀಲಿಸಬೇಕಾದದ್ದು. ವೈಫೈ ರೌಟರಿಗೆ ಚುಚ್ಚಿದ ಯುಎಸ್‌ಬಿ ಡಿಸ್ಕನ್ನೂ ಮರೆಯಬಾರದು. ಅದೂ ಒಂದು ಶೇರ್, ಅತಿಥಿಗಳಿಗೆಂದು ಕೊಟ್ಟ ವೈಫೈ ಪಾಸ್‌ವರ್ಡ್ ಮತ್ತು ಅದು ಒಂದೇ ಜಾಲದಲ್ಲಿರುವ ಸಾಧ್ಯತೆ ಇದೆ.

ಕೊನೆಯಲ್ಲಿ ಉಳಿಯುವುದು ವಾರಸುದಾರರಿಲ್ಲದ ಫೋಲ್ಡರ್‌ಗಳು. ‘ಹೊಸದು’, ‘ಹಳೆಯದು’, ‘ಟೆಂಪ್’, ‘ಟೆಂಪ್ 2’ ಎಂಬ ಹೆಸರಿನವು. ಯಾವ ವಿಭಾಗವೂ ಅವನ್ನು ತಮ್ಮದೆನ್ನುವುದಿಲ್ಲ, ಅಳಿಸಲು ಯಾರಿಗೂ ಧೈರ್ಯವಿರುವುದಿಲ್ಲ. ನಿರ್ವಾಹಕರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಕಡತಗಳನ್ನು ಮುಟ್ಟದೆ ಶೇರನ್ನು ಮಾತ್ರ ನಿಲ್ಲಿಸಿ, ಒಂದು ತಿಂಗಳು ಕಾಯುತ್ತಾರೆ. ಲೆಕ್ಕಪತ್ರದ ವರ್ಷಾಂತ್ಯ ಹತ್ತಿರವಿದ್ದರೆ ಇನ್ನೂ ಕೆಲ ದಿನ ಹೆಚ್ಚು. ‘ನನ್ನ ಝಡ್ ಡ್ರೈವ್ ಕಾಣುತ್ತಿಲ್ಲ’ ಎಂದು ಸಿಟ್ಟಿನಿಂದ ಯಾರ ದೂರವಾಣಿ ಬರುತ್ತದೋ, ಅವರ ಹೆಸರನ್ನು ಆ ಫೋಲ್ಡರಿನ ಒಡೆಯರ ಕಲಮಿನಲ್ಲಿ ಬರೆದುಕೊಳ್ಳುತ್ತಾರೆ.